ಹುಬ್ಬುಗಂಟು ಏಕೆ ಸಡಿಲಲಿಲ್ಲ?

ಸಿಟ್ಟು ಬಂದವರ ಮುಖವನ್ನು ಕಣ್ಣಮುಂದೆ ತರಲು ಕನ್ನಡಕ್ಕೆ ಎರಡು ಮಾತು ಸಾಕು: ಹುಬ್ಬು ಗಂಟಿಕ್ಕಿದರು. ಸಿಟ್ಟಿಲ್ಲದಿದ್ದರೂ ಗಂಟು ಬೀಳುತ್ತದೆ. ಲೆಕ್ಕ ಕೂಡದಿದ್ದಾಗ, ಸೂಜಿಗೆ ದಾರ ಪೋಣಿಸುವಾಗ, ಹಾಸನ ಜಿಲ್ಲೆಯ ಹರದನಹಳ್ಳಿಯ ಬಯಲಿನಲ್ಲಿ ನಡುಹಗಲ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕಳೆ ಕೀಳುವಾಗ ಹುಬ್ಬುಗಳೆರಡೂ ತಾವಾಗಿಯೇ ಹತ್ತಿರ ಬರುತ್ತವೆ. ವರ್ಷಗಳು ಕಳೆದಂತೆ ಆ ಗಂಟಿನ ಗುರುತಾಗಿ ಹುಬ್ಬುಗಳ ನಡುವೆ ನೆಟ್ಟನೆಯ ಗೆರೆಗಳು ಉಳಿದುಬಿಡುತ್ತವೆ. ಅವನ್ನು ಗಂಟುಗೆರೆ ಎಂದು ಕರೆಯೋಣ. ಈ ಗೆರೆ ಸಡಿಲಿಸಲು ಚುಚ್ಚುವ ಮದ್ದು ಒಂದು ಕಂಪನಿ ಇಟ್ಟ 'ಬೊಟಾಕ್ಸ್' ಎಂಬ ಹೆಸರಿನಿಂದಲೇ ಎಲ್ಲರಿಗೂ ಗೊತ್ತು. ಒಂದು ಕಾಲಕ್ಕೆ ಸಿನಿಮಾ ತಾರೆಯರ ಸುದ್ದಿಯಲ್ಲಷ್ಟೇ ಕೇಳುತ್ತಿದ್ದ ಈ ಹೆಸರು ಈಗ ಜಿಲ್ಲಾ ಕೇಂದ್ರಗಳ ಚರ್ಮದ ವೈದ್ಯರ ಬಾಗಿಲಿಗೂ ಬಂದಿದೆ. ಒಗಟು ಇರುವುದು ಇಲ್ಲಿ. ಈ ಮದ್ದಿನ ಮೂಲವಾದ ಬೊಟುಲಿನಂ ವಿಷ ಮನುಷ್ಯರಿಗೆ ಗೊತ್ತಿರುವ ವಿಷಗಳಲ್ಲೇ ಅತಿ ತೀಕ್ಷ್ಣವಾದದ್ದು. ಕೆಟ್ಟ ಆಹಾರದ ಒಂದೆರಡು ತುತ್ತಿನಲ್ಲಿ ಸೇರಿ ಉಸಿರನ್ನೇ ನಿಲ್ಲಿಸಬಲ್ಲ ಅಂಥ ವಿಷ, ವೈದ್ಯರ ಕೈಯಲ್ಲಿ ಹಣೆಯ ಎರಡು ಗೆರೆಗಳೆದುರು ಆಗಾಗ ಸೋಲುತ್ತದೆ. ಏಕೆ?

ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, 'ನಿಮ್ಮ ದೇಹಕ್ಕೆ ಅದು ಒಗ್ಗಲಿಲ್ಲ' ಎಂಬುದು. ದೇಹ ಮದ್ದನ್ನು ಎದುರಿಸಿ ನಿಂತಿತು ಎಂಬ ಈ ವಿವರಣೆ ನಂಬಲು ಸುಲಭ, ಆದರೆ ನಿಜವಾಗುವುದು ತೀರ ಅಪರೂಪಕ್ಕೆ. ಈ ವಿಷ ದೇಹದೊಳಗೆ ಮಾಡುವ ಕೆಲಸ ಒಂದೇ ಒಂದು. ಆ ಒಂದು ಕೆಲಸವನ್ನು ಸರಿಯಾಗಿ ತಿಳಿದುಕೊಂಡರೆ ಅದು ಎಲ್ಲೆಲ್ಲಿ ಸೋಲಬಹುದೆಂಬುದನ್ನು ಓದುಗರೇ ಊಹಿಸಬಹುದು. ಈ ಅಧ್ಯಾಯದ ವಾದ ಇಷ್ಟೇ.

ತೂಬಿನ ಸರಪಳಿ

ಹಾಸನ ಜಿಲ್ಲೆಯ ನಾಲೆ ಬಯಲಿನವರಿಗೆ ತೂಬಿನ ಕೆಲಸ ಹೇಳಿಕೊಡಬೇಕಾಗಿಲ್ಲ. ಗೊರೂರಿನ ಹೇಮಾವತಿ ಜಲಾಶಯದಿಂದ ನೀರು ನಾಲೆಯಲ್ಲಿ ಎಷ್ಟೇ ತುಂಬಿ ಹರಿಯಲಿ, ತೂಬಿನ ಹಲಗೆ ಮೇಲೇಳದಿದ್ದರೆ ಗದ್ದೆಗೆ ಹನಿ ನೀರಿಲ್ಲ. ನಮ್ಮ ನರವನ್ನು ನಾಲೆ ಎಂದುಕೊಳ್ಳಿ, ಸ್ನಾಯುವನ್ನು ಗದ್ದೆ ಎಂದುಕೊಳ್ಳಿ. ಇವೆರಡು ಸೇರುವ ಕಡೆ ನರದ ತುದಿಯೇ ತೂಬು. ಅದರೊಳಗೆ ಅಸಿಟೈಲ್‌ಕೊಲಿನ್ ಎಂಬ ರಸ ತುಂಬಿದ ಸಣ್ಣ ಸಣ್ಣ ಚೀಲಗಳಿರುತ್ತವೆ. ಮಿದುಳಿನಿಂದ ಅಪ್ಪಣೆ ಬಂದೊಡನೆ ಚೀಲಗಳು ತುದಿಯ ಗೋಡೆಗೆ ಅಂಟಿಕೊಂಡು ಬಾಯಿಬಿಡುತ್ತವೆ, ರಸ ಆಚೆಗೆ ಸುರಿಯುತ್ತದೆ, ಸ್ನಾಯು ಕುಗ್ಗುತ್ತದೆ. ಚೀಲವನ್ನು ಗೋಡೆಗೆ ಎಳೆದು ಕಟ್ಟಲು ಮೂರು ಪ್ರೋಟೀನುಗಳು ಹಗ್ಗದಂತೆ ಹೊಸೆದುಕೊಳ್ಳಬೇಕು. ಅವುಗಳಲ್ಲೊಂದರ ಹೆಸರು ಸ್ನ್ಯಾಪ್-25. ಜೀವಕೋಶದೊಳಗೆ ಇಂಥ ಚೀಲಗಳು ಹೇಗೆ ಸಾಗುತ್ತವೆ, ಹೊತ್ತಿಗೆ ಸರಿಯಾಗಿ ಹೇಗೆ ಬಾಯಿಬಿಡುತ್ತವೆ ಎಂಬುದನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2013ರ ನೊಬೆಲ್ ಪ್ರಶಸ್ತಿ ಬಂತು.

ಬೊಟುಲಿನಂ ವಿಷದ ಒಂದೊಂದು ಕಣದಲ್ಲೂ ಎರಡು ಭಾಗಗಳಿವೆ, ಒಂದು ಕೀಲಿಕೈ, ಇನ್ನೊಂದು ಕತ್ತರಿ. ಕೀಲಿಕೈ ನರದ ತುದಿಯನ್ನು ಗುರುತಿಸಿ ಒಳಗೆ ದಾರಿ ಮಾಡಿಕೊಡುತ್ತದೆ, ಕತ್ತರಿ ಒಳಸೇರಿ ಸ್ನ್ಯಾಪ್-25ನ್ನು ತುಂಡರಿಸುತ್ತದೆ. 206 ಮಣಿಗಳ ಸರದಂತಿರುವ ಆ ಪ್ರೋಟೀನಿನ ತುದಿಯಿಂದ ಅದು ಕತ್ತರಿಸಿ ಬೀಳಿಸುವುದು ಬರೀ 9 ಮಣಿಗಳನ್ನು. ಅಷ್ಟಕ್ಕೇ ತೂಬಿನ ಸರಪಳಿ ಕಡಿದಂತಾಗುತ್ತದೆ. ನಾಲೆ ತುಂಬಿದೆ, ಗದ್ದೆಯೂ ಚೆನ್ನಾಗಿದೆ, ಹಲಗೆ ಮಾತ್ರ ಮೇಲೇಳುವುದಿಲ್ಲ. ನಮ್ಮ ಹಳ್ಳಿಗಳಿಗೆ ಇದರ ನಂಟಿನ ಇನ್ನೊಂದು ದೃಶ್ಯ ಪರಿಚಿತ. ಕಟ್ಟುಹಾವು ಕಚ್ಚಿದವರ ಕಣ್ಣುರೆಪ್ಪೆ ಮೊದಲು ಜೋತುಬೀಳುತ್ತದೆ, ಆಮೇಲೆ ನುಂಗುವುದು ಕಷ್ಟ, ಆಮೇಲೆ ಉಸಿರು. ಆ ಹಾವಿನ ವಿಷವೂ ನರದ ತುದಿಯಲ್ಲೇ ಕೆಲಸ ಮಾಡುತ್ತದೆ, ಆದರೆ ಅದು ತೂಬನ್ನೇ ಹಾಳುಗೆಡವುತ್ತದೆ. ಬೊಟುಲಿನಂ ತೂಬನ್ನು ಹಾಗೆಯೇ ಬಿಟ್ಟು ಸರಪಳಿಯನ್ನಷ್ಟೇ ಕಡಿಯುತ್ತದೆ. ವಿಷ ಮದ್ದಾಗಲು ಸಾಧ್ಯವಾದದ್ದು ಈ ನಯದಿಂದ.

ಆ ದಾರಿ ಉದ್ದವಾದದ್ದು. ಜರ್ಮನಿಯ ವೈದ್ಯ ಯುಸ್ಟಿನಸ್ ಕೆರ್ನರ್ 1820ರ ಆಸುಪಾಸಿನಲ್ಲಿ ಕೆಟ್ಟ ಮಾಂಸದ ಸಾಸೇಜ್ ತಿಂದು ಸತ್ತವರ ಲಕ್ಷಣಗಳನ್ನು ಬರೆದಿಟ್ಟರು. ಇದೇ ವಿಷ ಮುಂದೊಂದು ದಿನ ಮದ್ದಾಗಬಹುದೆಂದೂ ಆಗಲೇ ಊಹಿಸಿದರು. 1895ರಲ್ಲಿ ಬೆಲ್ಜಿಯಂನ ಎಲೆಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಂದ ವಾದ್ಯಗಾರರು ಹಂದಿಮಾಂಸ ತಿಂದು ಕಾಯಿಲೆ ಬಿದ್ದಾಗ, ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದಿಂದ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅಮೆರಿಕದ ಕಣ್ಣಿನ ವೈದ್ಯ ಆಲನ್ ಸ್ಕಾಟ್ ಇದನ್ನು ಮೆಳ್ಳೆಗಣ್ಣಿನ ಚಿಕಿತ್ಸೆಗೆ ತಂದರು, 1989ರಲ್ಲಿ ಅಲ್ಲಿನ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ಕೆನಡಾದ ವ್ಯಾಂಕೂವರಿನಲ್ಲಿ ಜೀನ್ ಕರುಥರ್ಸ್ ಅವರು ಕಣ್ಣಿನ ಸುತ್ತಲಿನ ಸೆಳೆತಕ್ಕೆ ಇದನ್ನು ಚುಚ್ಚುತ್ತಿದ್ದಾಗ ರೋಗಿಗಳ ಗಂಟುಗೆರೆಯೂ ಮಾಯವಾಗುವುದು ಕಂಡುಬಂತು. ಅವರೂ ಪತಿ ಅಲಸ್ಟೇರ್ ಅವರೂ 1992ರಲ್ಲಿ ಆ ಬಗ್ಗೆ ಪ್ರಬಂಧ ಪ್ರಕಟಿಸಿದರು. ಗಂಟುಗೆರೆಗೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ಈ ವಿಷ ಚರ್ಮವನ್ನು ಮುಟ್ಟುವುದಿಲ್ಲ, ಗೆರೆಯನ್ನು ಅಳಿಸುವುದಿಲ್ಲ, ಸ್ನಾಯುವನ್ನು ಕರಗಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ನರದ ತುದಿಯ ಒಂದು ಹಗ್ಗ ಕಡಿಯುವುದು. ಇದರಿಂದ ಐದು ಷರತ್ತುಗಳು ತಾವಾಗಿಯೇ ಹುಟ್ಟುತ್ತವೆ. ಕತ್ತರಿ ಕೆಲಸ ಮಾಡಲು ಸಮಯ ಸಿಗಬೇಕು. ವಿಷ ಸರಿಯಾದ ಸ್ನಾಯುವಿನ ನರದ ತುದಿಗೆ ಮುಟ್ಟಬೇಕು. ಅಲ್ಲಿನ ತೂಬುಗಳಿಗೆ ಸಾಕಾಗುವಷ್ಟು, ಕೆಡದೆ ಮುಟ್ಟಬೇಕು. ಗೆರೆ ಹುಟ್ಟಿದ್ದು ಸ್ನಾಯುವಿನ ಎಳೆತದಿಂದಲೇ ಆಗಿರಬೇಕು. ಕೊನೆಯದಾಗಿ, ದಾರಿಯಲ್ಲಿ ಯಾರೂ ಅದನ್ನು ಹಿಡಿದು ಹಾಕಬಾರದು.

ದಿನ ಎಣಿಸದೆ ಕೊಡುವ ತೀರ್ಪು

ಚುಚ್ಚಿದ ಮರುದಿನವೇ ಕನ್ನಡಿ ನೋಡಿ 'ಏನೂ ಆಗಲಿಲ್ಲ' ಎನ್ನುವುದು ಬಿತ್ತಿದ ಮಾರನೇ ದಿನ ಮೊಳಕೆ ಹುಡುಕಿದಂತೆ. ವಿಷ ನರದೊಳಗೆ ಸೇರಬೇಕು, ಕತ್ತರಿ ಬೇರ್ಪಡಬೇಕು, ಸಾಕಷ್ಟು ಹಗ್ಗಗಳು ಕಡಿಯಬೇಕು. ಒಂದರಿಂದ ಮೂರು ದಿನಗಳಲ್ಲಿ ಪರಿಣಾಮ ಶುರುವಾಗುತ್ತದೆ, ಪೂರ್ತಿ ಕಾಣಲು ಎರಡು ವಾರ ಬೇಕಾಗಬಹುದು. ಇನ್ನೊಂದು ತುದಿಯಲ್ಲಿ, ನಾಲ್ಕನೇ ತಿಂಗಳಿಗೆ ಗೆರೆ ಮರಳಿತೆಂದು ದೂರುವವರಿದ್ದಾರೆ. ಅದೂ ಸೋಲಲ್ಲ. ಬುಡಕ್ಕೆ ಕಡಿದ ಗಿಡ ಪಕ್ಕದಿಂದ ಚಿಗುರುವಂತೆ ನರದ ತುದಿ ಹೊಸ ಕವಲು ಒಡೆದು ಸ್ನಾಯುವನ್ನು ಮತ್ತೆ ಮುಟ್ಟುತ್ತದೆ. ಕ್ರಮೇಣ ಹಳೆಯ ತುದಿಯೂ ಚೇತರಿಸಿಕೊಳ್ಳುತ್ತದೆ, ಹೊಸ ಕವಲು ಹಿಂದೆ ಸರಿಯುತ್ತದೆ. ಅಮೆರಿಕದ ಒಪ್ಪಿಗೆಗೆ ಆಧಾರವಾದ ಪರೀಕ್ಷೆಗಳಲ್ಲಿ 405 ಜನಕ್ಕೆ ಮದ್ದನ್ನೂ 132 ಜನಕ್ಕೆ ಮದ್ದಿಲ್ಲದ ನೀರನ್ನೂ ಚುಚ್ಚಿ ಹೋಲಿಸಿದ್ದರು. ಬಲವಾಗಿ ಹುಬ್ಬು ಗಂಟಿಕ್ಕಿದಾಗಲೂ ಗೆರೆ ತೀರ ಕಡಿಮೆಯಾಗಿದೆ ಎಂದು ವೈದ್ಯರು ಗುರುತಿಸಿದ್ದು 7ನೇ ದಿನ ಶೇ. 74, 30ನೇ ದಿನ ಶೇ. 80, 90ನೇ ದಿನ ಶೇ. 48, 120ನೇ ದಿನ ಶೇ. 25 ಜನರಲ್ಲಿ.

ಈ ಅಂಕಿಗಳಲ್ಲಿ ಇನ್ನೂ ಮುಖ್ಯವಾದ ಮಾತೊಂದಿದೆ. ತಾಜಾ ಮದ್ದು, ಪಳಗಿದ ಕೈ, ಕಟ್ಟುನಿಟ್ಟಾದ ಅಳತೆ ಎಲ್ಲ ಇದ್ದೂ ಅತ್ಯುತ್ತಮ ದಿನದಂದು ಐವರಲ್ಲಿ ಒಬ್ಬರಿಗೆ ನಿರೀಕ್ಷಿಸಿದ ಫಲ ಸಿಗಲಿಲ್ಲ. ಎಲ್ಲರಿಗೂ ಕೊಟ್ಟದ್ದು ಒಂದೇ ಅಳತೆ: ಐದು ಕಡೆ ನಾಲ್ಕು ನಾಲ್ಕರಂತೆ 20 ಯೂನಿಟ್. ಹೆಂಗಸರಲ್ಲಿ ಶೇ. 85 ಗೆದ್ದರೆ ಗಂಡಸರಲ್ಲಿ ಶೇ. 59 ಮಾತ್ರ. ದೇಹ ಮದ್ದನ್ನು ಎದುರಿಸಿದ್ದೇ ಸೋಲಿಗೆ ಕಾರಣವಾಗಿದ್ದರೆ ಗಂಡಸರಿಗೂ ಹೆಂಗಸರಿಗೂ ಇಷ್ಟು ಅಂತರ ಬರುತ್ತಿರಲಿಲ್ಲ. ಗಂಡಸರ ಹುಬ್ಬಿನ ಸ್ನಾಯು ಸಾಮಾನ್ಯವಾಗಿ ದಪ್ಪ, ಅಂದರೆ ಮುಚ್ಚಬೇಕಾದ ತೂಬುಗಳು ಹೆಚ್ಚು. ಹಾಗಾದರೆ ಸೋಲಿನ ಬೇರನ್ನು ಮೊದಲು ಹುಡುಕಬೇಕಾದದ್ದು ರಕ್ತದಲ್ಲಲ್ಲ, ಸೂಜಿಗೂ ನರಕ್ಕೂ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ.

ವಿಳಾಸ ತಪ್ಪಿದ ಮದ್ದು

ಗಂಟಿಕ್ಕುವುದು ಒಂದೇ ಸ್ನಾಯುವಿನ ಕೆಲಸವಲ್ಲ. ಮುಖ್ಯವಾದದ್ದು ಹುಬ್ಬುಗಳನ್ನು ಒಳಕ್ಕೆ ಸೆಳೆಯುವ ಸ್ನಾಯು. ವೈದ್ಯರು ಅದನ್ನು ಕಾರುಗೇಟರ್ ಎನ್ನುತ್ತಾರೆ, ನಾವು ಸೆಳೆಸ್ನಾಯು ಎನ್ನೋಣ. ಡಾರ್ವಿನ್ 1872ರಲ್ಲಿ ಭಾವಗಳ ಕುರಿತು ಬರೆದ ಪುಸ್ತಕದಲ್ಲಿ ಇದನ್ನು ಕಷ್ಟ ಎದುರಾದಾಗ ಕುಗ್ಗುವ ಸ್ನಾಯುವೆಂದು ಗುರುತಿಸಿದ್ದ. ಇದು ಮೂಗಿನ ಬುಡದ ಹತ್ತಿರ ಎಲುಬಿಗೆ ಅಂಟಿಕೊಂಡು ಹುಟ್ಟಿ, ಓರೆಯಾಗಿ ಮೇಲಕ್ಕೂ ಹೊರಕ್ಕೂ ಸಾಗಿ, ಹುಬ್ಬಿನ ನಡುಭಾಗದ ಮೇಲೆ ಚರ್ಮಕ್ಕೆ ಸೇರಿಕೊಳ್ಳುತ್ತದೆ. ಹಾಗಾಗಿ ಒಳತುದಿಯಲ್ಲಿ ಸೂಜಿ ಆಳಕ್ಕೆ ಹೋಗಬೇಕು, ಹೊರತುದಿಯಲ್ಲಿ ಮೇಲುಮೇಲಕ್ಕೇ ನಿಲ್ಲಬೇಕು. ಎರಡೂ ಕಡೆ ಒಂದೇ ಆಳಕ್ಕೆ ಚುಚ್ಚಿದರೆ ಎಲ್ಲೋ ಒಂದು ಕಡೆ ಮದ್ದು ವಿಳಾಸ ತಪ್ಪುತ್ತದೆ. ಇದರ ಜೊತೆಗೆ ಹುಬ್ಬುಗಳ ನಡುಭಾಗವನ್ನು ಕೆಳಕ್ಕೆ ಎಳೆಯುವ ಮೂಗಿನ ಬುಡದ ಸ್ನಾಯುವಿದೆ, ಕಣ್ಣಿನ ಸುತ್ತಲಿನ ಬಳೆಸ್ನಾಯುವಿನ ಒಳಅಂಚಿದೆ. ನಾಲ್ಕು ತೂಬಿರುವ ಕಡೆ ಮೂರನ್ನು ಮುಚ್ಚಿದರೆ ಗದ್ದೆ ಒಣಗುವುದಿಲ್ಲ. ಸೆಳೆಸ್ನಾಯು ಮಲಗಿದರೂ ಪಕ್ಕದವು ಎಚ್ಚರವಿದ್ದರೆ ಗಂಟು ಇನ್ನೊಂದು ಆಕಾರದಲ್ಲಿ ಮೂಡುತ್ತದೆ.

ಹಾಗೆಂದು ಗೆರೆ ಉಳಿದಾಗಲೆಲ್ಲ ವೈದ್ಯರ ಕೈ ತಪ್ಪಿತೆನ್ನುವುದು ನ್ಯಾಯವಲ್ಲ. ಒಬ್ಬೊಬ್ಬರ ಮುಖದ ನಕ್ಷೆ ಒಂದೊಂದು ಬಗೆ. ಬ್ರೆಜಿಲ್ಲಿನ ವೈದ್ಯರು 2012ರಲ್ಲಿ ಜನ ಹುಬ್ಬು ಗಂಟಿಕ್ಕುವ ರೀತಿಯನ್ನು ಐದು ಮಾದರಿಗಳಾಗಿ ವಿಂಗಡಿಸಿದರು. ಕೆಲವರ ಹುಬ್ಬು ಒಳಕ್ಕೆ ಮಾತ್ರ ಬರುತ್ತದೆ, ಕೆಲವರದು ಒಳಕ್ಕೂ ಕೆಳಕ್ಕೂ, ಇನ್ನು ಕೆಲವರಲ್ಲಿ ಒಳತುದಿ ಮೇಲೇಳುತ್ತದೆ. ಐದು ಚುಕ್ಕೆಗಳ ಪಾಠ ಒಂದು ಸರಾಸರಿ ಮುಖಕ್ಕೆ ಬರೆದದ್ದು, ಆ ಸರಾಸರಿಗೆ ಹೊಂದದ ಮುಖಗಳು ಬಹಳ. ಇದಕ್ಕೆ ಇನ್ನೊಂದು ಭಯ ಸೇರುತ್ತದೆ. ಮದ್ದು ಕೆಳಕ್ಕೆ ಹರಿದು ಕಣ್ಣುರೆಪ್ಪೆ ಎತ್ತುವ ಸ್ನಾಯುವನ್ನು ಮುಟ್ಟಿದರೆ ರೆಪ್ಪೆ ಜೋತುಬೀಳುತ್ತದೆ. ಅಮೆರಿಕದ ಒಪ್ಪಿಗೆಗೆ ಆಧಾರವಾದ ಅದೇ ಪರೀಕ್ಷೆಗಳಲ್ಲಿ ಶೇ. 3ರಷ್ಟು ಜನರಲ್ಲಿ ಹಾಗಾಯಿತು. ಕಟ್ಟುಹಾವಿನ ಕಡಿತದಲ್ಲಿ ಕಾಣುವ ಲಕ್ಷಣವೇ ಇಲ್ಲಿ ಬಹುಸಣ್ಣ ರೂಪದಲ್ಲಿ, ಕೆಲವು ವಾರಗಳ ಮಟ್ಟಿಗೆ ಕಾಣಿಸುತ್ತದೆ. ಆ ಭಯದಿಂದ ವೈದ್ಯರು ಹುಬ್ಬಿನಿಂದ ಮೇಲಕ್ಕೆ ಸರಿದು, ಅಳತೆ ತಗ್ಗಿಸಿ ಚುಚ್ಚುತ್ತಾರೆ. ಕೆಲವು ಮುಖಗಳಲ್ಲಿ ಆ ಎಚ್ಚರಿಕೆಗೆ ತೆರುವ ಬೆಲೆಯೇ ಉಳಿದುಹೋದ ಗೆರೆ. ಜೋತ ರೆಪ್ಪೆಗಿಂತ ಉಳಿದ ಗೆರೆ ವಾಸಿ ಎಂದು ಯಾರಾದರೂ ಒಪ್ಪುತ್ತಾರೆ.

ಅಳತೆ ಮತ್ತು ತಂಪು

20 ಯೂನಿಟ್ ಬೊಟಾಕ್ಸಿನಲ್ಲಿರುವ ಪ್ರೋಟೀನು ಸುಮಾರು ಒಂದು ಗ್ರಾಮಿನ 100 ಕೋಟಿ ಭಾಗಗಳಲ್ಲಿ ಒಂದು ಭಾಗ. ಸೀಸೆ ಕೈಗೆತ್ತಿಕೊಂಡರೆ ಖಾಲಿಯಿದ್ದಂತೆ ಕಾಣುತ್ತದೆ. ಬರಿಗಣ್ಣಿಗೆ ಸಿಗದಷ್ಟು ಅಲ್ಪವಾದ ಈ ಪುಡಿಯನ್ನು ಉಪ್ಪುನೀರಿನಲ್ಲಿ ಕಲಕಿ ಚುಚ್ಚುತ್ತಾರೆ. ನೀರು ಹೆಚ್ಚು ಬೆರೆಸಿ, ಎಂದಿನಷ್ಟೇ ಮಿಲಿಲೀಟರ್ ಚುಚ್ಚಿದರೆ ಮಜ್ಜಿಗೆಗೆ ನೀರು ಹೊಯ್ದ ಹಾಗೆ. ಲೋಟ ತುಂಬಿರುತ್ತದೆ, ಸತ್ವ ಇರುವುದಿಲ್ಲ. ಇನ್ನೊಂದು ತೊಡಕು ಯೂನಿಟ್ ಎಂಬ ಮಾತಿನದು. ಕಿಲೋ, ಲೀಟರಿನಂತೆ ಅದು ಎಲ್ಲೆಡೆಗೂ ಒಂದೇ ಅಳತೆಯಲ್ಲ, ಒಂದೊಂದು ಕಂಪನಿ ತನ್ನದೇ ಪರೀಕ್ಷೆಯಲ್ಲಿ ನಿಗದಿ ಮಾಡಿಕೊಂಡದ್ದು. ಗಂಟುಗೆರೆಗೆ ಬೊಟಾಕ್ಸ್ 20 ಯೂನಿಟ್ ಎಂದರೆ ಇನ್ನೊಂದು ಕಂಪನಿಯ ಡಿಸ್‌ಪೋರ್ಟ್ 50 ಯೂನಿಟ್. 'ನನಗೂ 20 ಹಾಕಿದರು' ಎಂಬ ಮಾತಿಗೆ ಯಾವ ಮದ್ದಿನ 20 ಎಂದು ಗೊತ್ತಾಗುವವರೆಗೆ ಅರ್ಥವಿಲ್ಲ.

ಕತ್ತರಿ ಮೊಂಡಾಗಿದ್ದರೂ ಹಗ್ಗ ಕಡಿಯದು. ಪ್ರೋಟೀನಿಗೆ ಶಾಖ ತಾಗಿದರೆ ಬೆಂದ ಮೊಟ್ಟೆಯ ಬಿಳಿಯಂತೆ ಆಕಾರ ಕೆಡುತ್ತದೆ. ಬೊಟಾಕ್ಸ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಕಲಕಿದ ಮೇಲೆ ತಂಪಿನಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕೆಂದು ತಯಾರಕರ ಚೀಟಿ ಹೇಳುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರಗಳಾದರೂ ಸತ್ವ ಅಷ್ಟಾಗಿ ಕುಗ್ಗದೆಂದು ತೋರಿಸಿದ ಅಧ್ಯಯನಗಳಿವೆ. ಹಾಗಾಗಿ ಗಡಿಯಾರಕ್ಕಿಂತ ಹೆಚ್ಚು ಅನುಮಾನಿಸಬೇಕಾದದ್ದು ಶಾಖವನ್ನು. ಅಂಗನವಾಡಿಗೆ ಬರುವ ಪೋಲಿಯೊ ಹನಿಯ ಸೀಸೆಯ ಮೇಲೆ ಶಾಖ ತಾಗಿದರೆ ಬಣ್ಣ ಬದಲಿಸುವ ಚೌಕವಿರುತ್ತದೆ, ಆಶಾ ಕಾರ್ಯಕರ್ತೆ ಅದನ್ನು ನೋಡಿಯೇ ಹನಿ ಹಾಕುತ್ತಾರೆ. ಬೊಟಾಕ್ಸ್ ಸೀಸೆಗೆ ಅಂಥ ಸಾಕ್ಷಿಯಿಲ್ಲ. ಬೆಂಗಳೂರಿನಿಂದ ಸುಮಾರು 180 ಕಿಲೋಮೀಟರ್ ದೂರದ ಹಾಸನಕ್ಕೆ ಬರುವ ದಾರಿಯಲ್ಲಿ, ಅಲ್ಲಿಂದಾಚೆ ಕರೆಂಟು ಹೋಗಿ ಬರುವ ತಾಲ್ಲೂಕು ಊರುಗಳಲ್ಲಿ ತಂಪಿನ ಸರಪಳಿ ಎಲ್ಲಿ ತುಂಡಾಯಿತೆಂದು ಸೀಸೆ ಹೇಳುವುದಿಲ್ಲ. ಅಗ್ಗದ ಸೀಸೆಯ ಅಪಾಯ ಇದಕ್ಕಿಂತ ದೊಡ್ಡದು. 2004ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಪ್ರಯೋಗಾಲಯಕ್ಕೆಂದು ತಯಾರಾದ, ಮನುಷ್ಯರಿಗೆ ಬಳಸಲು ಒಪ್ಪಿಗೆಯಿಲ್ಲದ ವಿಷ ಚುಚ್ಚಿಸಿಕೊಂಡ ನಾಲ್ವರು ಪಾರ್ಶ್ವವಾಯು ಬಡಿದವರಂತೆ ಮಲಗಿ, ಉಸಿರಾಟದ ಯಂತ್ರದ ಆಸರೆ ಪಡೆಯಬೇಕಾಯಿತು.

ಗಾಡಿ ನಿಂತರೂ ಉಳಿಯುವ ಜಾಡು

ಇಷ್ಟೆಲ್ಲ ಸರಿಯಿದ್ದೂ ಗೆರೆ ಉಳಿಯಬಹುದು. ಸ್ನಾಯು ಪೂರ್ತಿ ಮಲಗಿದೆ, ಎಷ್ಟು ಪ್ರಯತ್ನಿಸಿದರೂ ಹುಬ್ಬು ಅಲುಗುತ್ತಿಲ್ಲ, ಗೆರೆ ಮಾತ್ರ ಇದ್ದಲ್ಲೇ ಇದೆ. ಜನ ಅತಿ ಹೆಚ್ಚು ನಿರಾಶರಾಗುವುದು ಇಲ್ಲಿ, ವಿವರಣೆ ಅತಿ ಸರಳವಾಗಿರುವುದೂ ಇಲ್ಲೇ. ಮಳೆಗಾಲದ ಮಣ್ಣುದಾರಿಯಲ್ಲಿ ಎತ್ತಿನಗಾಡಿ ಒಂದೇ ಕಡೆ ನೂರು ಸಲ ಹೋದರೆ ಜಾಡು ಬೀಳುತ್ತದೆ. ಬೇಸಿಗೆಯಲ್ಲಿ ಅದು ಗಟ್ಟಿಯಾದ ಮೇಲೆ ಗಾಡಿ ನಿಲ್ಲಿಸಿದರೂ ಜಾಡು ಹೋಗುವುದಿಲ್ಲ. ಎಳೆಯ ಚರ್ಮದಲ್ಲಿ ಗೆರೆ ಸ್ನಾಯುವಿನ ನೆರಳು ಮಾತ್ರ, ಗಂಟು ಸಡಿಲಿದೊಡನೆ ಮಾಯವಾಗುತ್ತದೆ. ಇದು ಚಲನೆಯ ಗೆರೆ. ವಯಸ್ಸಾದಂತೆ, ಬಿಸಿಲು ತಾಗಿದಂತೆ ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ನಾರುಗಳು ಸವೆದು, ಮಡಿಸಿದ ಕಾಗದದ ಮಡಿಕೆಯಂತೆ ಗೆರೆ ಚರ್ಮದಲ್ಲೇ ನೆಲೆನಿಲ್ಲುತ್ತದೆ. ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲೋ ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲೋ ಬದುಕಿಡೀ ಬಿಸಿಲಿಗೆ ಮುಖವೊಡ್ಡಿದವರಲ್ಲಿ ಎರಡು ಕಾರಣಗಳೂ ಕೂಡುತ್ತವೆ, ಬೆಳಕಿಗೆ ಕಿರಿದಾಗುವ ಕಣ್ಣು ಮತ್ತು ಬಿಸಿಲಿಗೆ ಸವೆಯುವ ಚರ್ಮ. ಮದ್ದು ಗಾಡಿಯನ್ನು ನಿಲ್ಲಿಸಬಲ್ಲದು, ಜಾಡನ್ನು ಮುಚ್ಚಲಾರದು. ಗಾಡಿ ತಿಂಗಳುಗಟ್ಟಲೆ ನಿಂತರೆ ಜಾಡು ಸ್ವಲ್ಪಸ್ವಲ್ಪವಾಗಿ ಮಸುಕಾಗಬಹುದು, ಅಷ್ಟೇ.

ಯಾವ ಗೆರೆ ಯಾವುದೆಂದು ತಿಳಿಯಲು ಉಪಕರಣ ಬೇಡ. ಮುಖವನ್ನು ಸಡಿಲ ಬಿಟ್ಟು ಕನ್ನಡಿ ನೋಡಿದಾಗ ಕಾಣುವ ಗೆರೆ ನೆಲೆನಿಂತದ್ದು, ಗಂಟಿಕ್ಕಿದಾಗ ಮಾತ್ರ ಕಾಣುವುದು ಚಲನೆಯದು. ಚುಚ್ಚುವ ಮೊದಲು ಈ ಎರಡು ಸ್ಥಿತಿಯಲ್ಲೂ ಚಿತ್ರ ತೆಗೆದಿಟ್ಟರೆ ಆಮೇಲಿನ ಅರ್ಧ ಜಗಳ ಹುಟ್ಟುವುದೇ ಇಲ್ಲ. ನೆಲೆನಿಂತ ಗೆರೆಗೆ ಮದ್ದಿನ ಅಳತೆ ಏರಿಸುತ್ತ ಹೋಗುವುದು ವ್ಯರ್ಥ. ಗೆರೆಯ ಕೆಳಗೆ ಫಿಲ್ಲರ್ ಎಂಬ ತುಂಬುವಸ್ತುವನ್ನು ಚುಚ್ಚಿ ತುಂಬಿಸುವ ದಾರಿಯೊಂದಿದೆ, ಆದರೆ ಹುಬ್ಬುಗಳ ನಡುವಿನ ಜಾಗ ಅದಕ್ಕೆ ಅತಿ ಅಪಾಯದ್ದು. ಅಲ್ಲಿನ ರಕ್ತನಾಳಗಳಿಗೂ ಕಣ್ಣಿನ ರಕ್ತನಾಳಗಳಿಗೂ ಸಂಪರ್ಕವಿದೆ. ಫಿಲ್ಲರ್ ನಾಳದೊಳಗೆ ಸೇರಿ ದೃಷ್ಟಿಯೇ ಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಒಂದು ಗೆರೆಗಾಗಿ ಕಣ್ಣನ್ನು ಪಣಕ್ಕಿಡುವುದು ವಿವೇಕವಲ್ಲ.

ದೇಹ ಗುರುತು ಹಿಡಿದಾಗ

ಈಗ ಎದುರುವಾದಕ್ಕೆ ಬರೋಣ. ವಿಷ ಒಂದು ಪರಕೀಯ ಪ್ರೋಟೀನು, ಲಸಿಕೆಯಂತೆ ಅದನ್ನೂ ನಮ್ಮ ರಕ್ಷಣಾ ವ್ಯವಸ್ಥೆ ಗುರುತಿಸಬಹುದಲ್ಲ? ಹೌದು, ಗುರುತಿಸುತ್ತದೆ. ನಿಮ್ಹಾನ್ಸ್‌ನಂಥ ನರರೋಗ ಸಂಸ್ಥೆಗಳಲ್ಲಿ ಕತ್ತು ತಿರುಚಿಕೊಳ್ಳುವ ಕಾಯಿಲೆಗೆ ಇದೇ ಮದ್ದನ್ನು ಹಲವು ಪಟ್ಟು ದೊಡ್ಡ ಅಳತೆಯಲ್ಲಿ, ವರ್ಷವರ್ಷವೂ ಕೊಡಬೇಕಾಗುತ್ತದೆ. ಅಂಥ ರೋಗಿಗಳಲ್ಲಿ ವಿಷವನ್ನು ಹಿಡಿದುಹಾಕುವ ಪ್ರತಿಕಾಯಗಳು ಹುಟ್ಟಿ ಮದ್ದು ನಿಷ್ಫಲವಾದದ್ದು ನಿಜ. ಆದರೆ ಆ ಅನುಭವ ಬಹುಪಾಲು ಹಳೆಯ ತಯಾರಿಕೆಯ ಕಾಲದ್ದು. ಆಗ 100 ಯೂನಿಟ್ ಬೊಟಾಕ್ಸಿನಲ್ಲಿ 25 ನ್ಯಾನೊಗ್ರಾಂ ಪ್ರೋಟೀನು ಇತ್ತು. 1997ರ ಸುಮಾರಿಗೆ ಬಂದ ಹೊಸ ತಯಾರಿಕೆಯಲ್ಲಿ ಅದು 5 ನ್ಯಾನೊಗ್ರಾಂಗೆ ಇಳಿಯಿತು, ಪ್ರತಿಕಾಯಗಳೂ ಬಹಳ ವಿರಳವಾದವು. ಗಂಟುಗೆರೆಗೆ ಕೊಡುವ ಅಳತೆಯಲ್ಲಿ ನೂರರಲ್ಲಿ ಒಬ್ಬರಿಗೂ ಇದು ಆಗುವುದು ಕಷ್ಟ.

ಇಲ್ಲಿ ಒಂದು ತರ್ಕ ನೆನಪಿಡಬೇಕು. ಪ್ರತಿಕಾಯ ಹುಟ್ಟಲು ದೇಹ ಆ ವಿಷವನ್ನು ಮೊದಲು ಕಂಡಿರಬೇಕು, ಸಾಮಾನ್ಯವಾಗಿ ಹಲವು ಸಲ. ಆದ್ದರಿಂದ ಮೊದಲ ಚುಚ್ಚಿನಲ್ಲೇ ಫಲ ಸಿಗದವರಿಗೆ 'ದೇಹಕ್ಕೆ ಒಗ್ಗಲಿಲ್ಲ' ಎಂಬ ಉತ್ತರ ಹೊಂದುವುದಿಲ್ಲ. ವರ್ಷಗಟ್ಟಲೆ ಚೆನ್ನಾಗಿ ಕೆಲಸ ಮಾಡಿ ಆಮೇಲೆ ಏನೂ ಆಗದಂತಾದವರಲ್ಲಿ ಮಾತ್ರ ಆ ಅನುಮಾನಕ್ಕೆ ಎಡೆಯಿದೆ, ಅದನ್ನು ಪರೀಕ್ಷಿಸುವ ಸರಳ ವಿಧಾನವೂ ಇದೆ. ಹಣೆಯ ಒಂದೇ ಪಕ್ಕಕ್ಕೆ ಗೊತ್ತಾದ ಅಳತೆಯ ತಾಜಾ ಮದ್ದು ಚುಚ್ಚಿ ಕಾಯುವುದು. ಆ ಪಕ್ಕದ ಹುಬ್ಬು ಅಲುಗದೆ ಇನ್ನೊಂದು ಅಲುಗಿದರೆ ದೇಹ ಮದ್ದನ್ನು ಎದುರಿಸುತ್ತಿಲ್ಲವೆಂದು ಅರ್ಥ. ಆಗ ತಪ್ಪು ವಿಳಾಸದಲ್ಲೋ ಅಳತೆಯಲ್ಲೋ ತಂಪಿನಲ್ಲೋ ಇದೆ. ಈ ಪರೀಕ್ಷೆ ಮಾಡದೆ, ಗೆರೆ ಉಳಿದೊಡನೆ ವಾರವಾರಕ್ಕೆ ಇನ್ನಷ್ಟು ಚುಚ್ಚಿಸಿಕೊಳ್ಳುವುದು ದೇಹಕ್ಕೆ ವಿಷದ ಪರಿಚಯ ಮಾಡಿಸಿಕೊಟ್ಟಂತೆ. ಅಪರೂಪದ ಕಾರಣವನ್ನು ಅವಸರದಿಂದ ನಾವೇ ಬರಮಾಡಿಕೊಳ್ಳುತ್ತೇವೆ. ಎರಡು ಚಿಕಿತ್ಸೆಗಳ ನಡುವೆ ಕನಿಷ್ಠ ಮೂರು ತಿಂಗಳ ಬಿಡುವಿರಬೇಕೆಂಬ ಸೂಚನೆಯ ಹಿಂದೆ ಈ ಕಾಳಜಿಯೂ ಇದೆ.

ಕೇಳಬೇಕಾದ ಪ್ರಶ್ನೆಗಳು

ಗಂಟುಗೆರೆ ಕಾಯಿಲೆಯಲ್ಲ. ಬಿಸಿಲಿನಲ್ಲಿ ದುಡಿದ, ಕಷ್ಟಕ್ಕೆ ತಲೆಕೊಟ್ಟ ಮುಖದ ಗುರುತು ಅದು. ಅದನ್ನು ಸಡಿಲಿಸಿಕೊಳ್ಳಬೇಕೆಂದು ಬಯಸುವುದೂ ತಪ್ಪಲ್ಲ. ಬಯಸುವವರು ತಿಳಿದು ಬಯಸಲಿ. ಚುಚ್ಚುವವರು ನೋಂದಾಯಿತ ವೈದ್ಯರೇ, ಆ ಚಿಕಿತ್ಸಾಲಯ ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಮೊದಲು ನೋಡಿ. ಬ್ಯೂಟಿ ಪಾರ್ಲರು ಇದಕ್ಕೆ ಜಾಗವಲ್ಲ. ಮದ್ದಿನ ಹೆಸರು, ಎಷ್ಟು ಯೂನಿಟ್, ಸೀಸೆ ಯಾವಾಗ ಕಲಕಿದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಗರ್ಭಿಣಿಯರು ಮತ್ತು ನರಸ್ನಾಯುಗಳ ಕಾಯಿಲೆ ಇರುವವರು ಮೊದಲೇ ತಿಳಿಸಲಿ. ಚುಚ್ಚಿದ ಮೇಲೆ ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ ಒಂದು ಗಳಿಗೆಯೂ ತಡೆಯದೆ ಆಸ್ಪತ್ರೆಗೆ ಹೋಗಿ.

ಎರಡು ವಾರ ಕಳೆದ ಮೇಲೂ ಗೆರೆ ಉಳಿದಿದ್ದರೆ ಕನ್ನಡಿಯ ಮುಂದೆ ನಿಂತು ಒಮ್ಮೆ ಜೋರಾಗಿ ಹುಬ್ಬು ಗಂಟಿಕ್ಕಿ ನೋಡಿ. ಹುಬ್ಬು ಅಲುಗಿದರೆ ಮದ್ದು ನರವನ್ನು ಸರಿಯಾಗಿ ಮುಟ್ಟಿಲ್ಲ, ವಿಳಾಸ, ಅಳತೆ, ತಂಪುಗಳನ್ನು ವೈದ್ಯರೊಡನೆ ಕೂತು ಪರಿಶೀಲಿಸಿ. ಹುಬ್ಬು ಅಲುಗದೆ ಗೆರೆ ಮಾತ್ರ ಉಳಿದಿದ್ದರೆ ಮದ್ದು ತನ್ನ ಕೆಲಸ ಮುಗಿಸಿದೆ, ಉಳಿದದ್ದು ಚರ್ಮದ ಜಾಡು. ಇವೆರಡರಲ್ಲಿ ಯಾವುದೆಂದು ತಿಳಿಯುವವರೆಗೆ ಎರಡನೇ ಸಲ ಸೂಜಿಗೆ ಹಣೆಯೊಡ್ಡಬೇಡಿ.